ಬೈಗುಳದ ಗುಂಡಿ

“ಈ ಆ್ಯಪ್ ಅಪರಿಚಿತರದ್ದು, ನಿಮ್ಮ ಫೋನಿಗೆ ಹಾನಿಯಾಗಬಹುದು” ಎಂದು ಪರದೆ ಎಚ್ಚರಿಸಿದ್ದೇ ತಡ, ಅಕ್ಕ ಅಮ್ಮನ ಕೈಯಿಂದ ಫೋನ್ ಕಿತ್ತುಕೊಂಡಳು.

“ಆ ಅಪರಿಚಿತ ನಾನೇ ಕಣೇ!” ಎಂದ ತಮ್ಮ. ಅಮ್ಮನ ದನಿಯನ್ನೇ ಕಸಿದ ಗಂಟಲಿನ ಆಪರೇಷನ್ನಿಗೆ ಮುಂಚೆ ಅವಳ ಮಾತುಗಳನ್ನು ರೆಕಾರ್ಡ್ ಮಾಡಿಕೊಂಡು ಅವನೇ ಕಟ್ಟಿದ ಆ್ಯಪ್ ಅದು. ಗುಂಡಿ ಒತ್ತಿದರೆ ನೀರು ಬೇಕು, ನೋವಾಗ್ತಿದೆ ಎಂದು ಅವಳದೇ ದನಿ ಕೇಳುವಂತೆ ಮಾಡಿದ್ದ. ಆದರೆ ಒಬ್ಬರೇ ಬಳಸುವ ಆ್ಯಪಿಗೆ ನಮ್ಮಲ್ಲಿ ಜಾಗವಿಲ್ಲ ಎಂದು ಫೋನ್ ಕಂಪನಿಯ ಸ್ಟೋರ್ ಅದನ್ನು ತಿರಸ್ಕರಿಸಿದ್ದರಿಂದ, ಸ್ಟೋರಿನ ಹೊರಗಿನಿಂದಲೇ ಫೋನಿಗೆ ಹಾಕಬೇಕಿತ್ತು.

“ನಿನಗೆ ತೆಗೆದ ಬಾಗಿಲಲ್ಲೇ ನಾಳೆ ಕಳ್ಳನೂ ಬರ್ತಾನೆ. ಹೋದ ವರ್ಷ ಅಮ್ಮ ಕೊರಿಯರ್‌ನವರದು ಅಂತ ಏನೋ ಇಳಿಸ್ಕೊಂಡು ಮೋಸ ಹೋಗಿದ್ದು ಮರೆತ್ಯಾ?”

“ಹಾಗಂತ ಅಮ್ಮ ಬಾಯಿ ಮುಚ್ಕೊಂಡೇ ಇರ್ಬೇಕಾ?”

ಇಬ್ಬರ ಮಾತಲ್ಲೂ ಹುರುಳಿತ್ತು, ಇಬ್ಬರೂ ಅಮ್ಮನ ಕಡೆ ನೋಡಲಿಲ್ಲ. ಅವಳು ಮಂಚವನ್ನು ಪಟಪಟನೆ ಬಡಿದು ಅಂಗೈ ಚಾಚಿದಾಗ ಅಕ್ಕ ಒಲ್ಲದ ಮನಸ್ಸಿನಿಂದ ಫೋನ್ ಕೊಟ್ಟಳು. ಅಮ್ಮ ಕನ್ನಡಕ ಏರಿಸಿ, ತುಟಿಯಾಡಿಸುತ್ತ ಎಚ್ಚರಿಕೆಯನ್ನು ಕೊನೆಯವರೆಗೂ ಓದಿ, ‘ಆದರೂ ಸ್ಥಾಪಿಸಿ’ ಎಂಬುದನ್ನು ಒತ್ತಿದಳು. ಸಾಲಾಗಿ ಮೂಡಿದ ಗುಂಡಿಗಳಲ್ಲಿ ಕಟ್ಟಕಡೆಯದು ಕೆಂಪಗಿತ್ತು. ರೆಕಾರ್ಡಿಂಗಿಗೆಂದು ಅಮ್ಮನ ಹೊಲಿಗೆ ಪೆಟ್ಟಿಗೆ ಸರಿಸಿದ್ದಕ್ಕೆ ತಿಂದ ಬೈಗುಳವನ್ನು ತಮ್ಮ ತಮಾಷೆಗೆಂದು ಅಲ್ಲಿ ಇಟ್ಟಿದ್ದ. ಅಮ್ಮ ಅದನ್ನೇ ಒತ್ತಿದಳು.

“ನನ್ನ ಪೆಟ್ಟಿಗೆ ಮುಟ್ಟೋ ಮುಂಚೆ ನನ್ನನ್ನೊಂದು ಮಾತು ಕೇಳ್ಬೇಕು ಅಂತ ಗೊತ್ತಾಗಲ್ವಾ?”

ತಿಂಗಳುಗಳ ಮೇಲೆ ಆ ದನಿ ಕೋಣೆ ತುಂಬಿತು. ಅಕ್ಕ ಬಂದು ಮಂಚದ ಅಂಚಿಗೆ ಕೂತಳು.

“ಇನ್ನೊಂದ್ಸಲ ಬೈಯಮ್ಮಾ,” ಎಂದಳು.