ಪಂಕ್ತಿ ಮರ್ಯಾದೆ

ಆ ಮನೆಯಲ್ಲಿ ಪಂಕ್ತಿಯ ಹಿರಿಯರು ಏಳುವ ತನಕ ಯಾರೂ ಎಲೆ ಬಿಟ್ಟು ಏಳುವಂತಿರಲಿಲ್ಲ. "ಮೊದಲ ಹಬ್ಬದೂಟ, ನನ್ನ ಮಾನ ಕಳೀಬೇಡಿ" ಎಂದು ಹೆಂಡತಿ ಹೊಸ ಅಳಿಯನಿಗೆ ಹೇಳಿಯೇ ಕೂರಿಸಿದ್ದಳು.

ಸಾಲಿನ ತುದಿಯಲ್ಲಿದ್ದ, ಪಂಕ್ತಿಗೆ ಹಿರಿಯರಾದ ಅವಳ ತಾತನ ಗಂಟಲಲ್ಲಿ ಹೋಳಿಗೆ ಸಿಕ್ಕಿಕೊಂಡಿತು. ಮುಖ ನೀಲಿಗಟ್ಟಿತು. ಅಳಿಯ ಗಾಬರಿಯಿಂದ ಅರ್ಧ ಎದ್ದ. ಪಕ್ಕದಲ್ಲಿದ್ದ ಭಾಮೈದ ಅವನ ಪಂಚೆ ಹಿಡಿದು ಜಗ್ಗಿದ.

"ಕೂತ್ಕೊಳ್ಳಿ ಭಾವ, ಎಲ್ರೂ ನೋಡ್ತಿದ್ದಾರೆ."

"ತಾತಂಗೆ ಉಸಿರೇ ಬರ್ತಿಲ್ವಲ್ಲ!"

"ನಮಗೇನು ಕಣ್ಣಿಲ್ವಾ? ದೊಡ್ಡೋರೇ ಸುಮ್ನಿದ್ದಾರೆ, ನಿಮ್ಮದೇನು ಅವಸರ?"

ಅಳಿಯ ಸಾಲಿನುದ್ದಕ್ಕೂ ನೋಡಿದ. ಎಲ್ಲರೂ ತಲೆ ತಗ್ಗಿಸಿಕೊಂಡು ಸಾರನ್ನ ಕಲಸುತ್ತಿದ್ದರು. ತಾನೊಬ್ಬನೇ ಎದ್ದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಕೂತು, ತಾನೂ ಕಲಸತೊಡಗಿದ.

ತಾತ ಎಲೆಯ ಮೇಲೇ ಮುಖ ಅಡಿಯಾಗಿ ಬಿದ್ದರು. ಒಬ್ಬೊಬ್ಬರದೇ ಊಟ ಮುಗಿದು ಎಂಜಲು ಕೈ ಒಣಗಿದರೂ ಯಾರೂ ಅಲುಗಲಿಲ್ಲ. ಕೊನೆಗೆ ತಾತನ ಪಕ್ಕದಲ್ಲಿದ್ದ ಮಾವ ಬಗ್ಗಿ, ಅಪ್ಪನ ಮೂಗಿನ ಹತ್ತಿರ ಎಡಗೈ ಹಿಡಿದು ನೋಡಿದರು. ಇನ್ನಾದರೂ ಏಳಬಹುದೆಂದು ಅಳಿಯ ಕಾಲು ಸಡಿಲಿಸಿದ.

"ಇನ್ಮೇಲೆ ಪಂಕ್ತಿಗೆ ನಾನೇ ಹಿರಿಯ," ಎಂದರು ಮಾವ. "ಕೂತ್ಕೊಳ್ಳಿ, ನನ್ನದಿನ್ನೂ ಮಜ್ಜಿಗೆ ಆಗ್ಬೇಕು."