ಯಾವ ಹಾಡು?

“ಯಾವ ಹಾಡ್ರಿ ಸರ ಅದು?” ಎಂದು ಕೇಳುವಾಗ, ಶಾಲೆಯಲ್ಲಿ ನಡೆದ ಮಗಳ ಸಂತಾಪ ಸಭೆಯಲ್ಲಿ ಮೊದಲ ಬಾರಿಗೆ ಮಹಾದೇವಮ್ಮನ ಮುಖ ಅರಳಿತ್ತು. ಗುರುಲಿಂಗಯ್ಯ ಮಾಸ್ತರರು ಫೋನು ನೋಡಿಕೊಂಡು ಆಗತಾನೆ ಓದಿ ಮುಗಿಸಿದ್ದರು: ‘ಶಿವಗಂಗಾ ತನ್ನ ಇಂಪಾದ ಕಂಠದಿಂದ ಇಡೀ ತರಗತಿಯ ಮನ ಗೆದ್ದಿದ್ದಳು.’

“ಮನ್ಯಾಗ ನನ್ನ ಕೂಸಿಗಿ ಮಾತ ಭಾಳ ಉಗ್ಗತಿತ್ತರಿ. ನೀರು ಬೇಕಂದ್ರೂ ಕೈ ಮಾಡಿ ತೋರಸ್ತಿದ್ಳು. ಸಾಲ್ಯಾಗ ಹಾಡ್ತಿದ್ಳೇನ್ರಿ! ಒಂದ್ ಸಾಲರ ಹೇಳ್ರಿ, ನಮ್ಮೂರು ಐನಾಪುರಕ್ಕ ಹೋಗಿ ಆಕಿ ಅಪ್ಪಗ ಹೇಳ್ತೀನಿ.”

ಮುಂದೆ ಕುಳಿತಿದ್ದ ಹುಡುಗಿಯರು ತಲೆ ತಗ್ಗಿಸಿದರು. ‘ಸ್ವಂತ ಮಾತಿನಲ್ಲಿ ಬರೆಯಿರಿ’ ಎಂದು ಅವರಿಗೆ ನಿತ್ಯ ಬೋಧಿಸುವ ಮಾಸ್ತರರು, ತೀರಿಕೊಂಡ ಮಗುವಿನ ಹೆಸರನ್ನೂ ತರಗತಿಯನ್ನೂ ಮಾತ್ರ ಕೃತಕ ಬುದ್ಧಿಮತ್ತೆಗೆ ಒಪ್ಪಿಸಿ, ಅದು ಕಟ್ಟಿಕೊಟ್ಟ ಹೊಗಳಿಕೆಯನ್ನು ಹಾಗೆಯೇ ಓದಿದ್ದರು. ಆ ಮಗುವನ್ನು ನೆನೆಯಲು ಅರೆಗಳಿಗೆಯನ್ನೂ ಕೊಟ್ಟಿರಲಿಲ್ಲ. ನೆನೆದಿದ್ದರೆ, ಶನಿವಾರದ ಹಾಡಿನ ಸರದಿಯಲ್ಲಿ ಎದ್ದು ನಿಲ್ಲುತ್ತಿದ್ದ ಆಕೆಯನ್ನು, ಉಗ್ಗಿನಿಂದ ಹೊತ್ತಾಗುತ್ತದೆಂದು ತಾವೇ ಕೂರಿಸಿ ಮುಂದಿನವಳನ್ನು ಕರೆಯುತ್ತಿದ್ದುದು ಆಗಲೇ ನೆನಪಿಗೆ ಬರುತ್ತಿತ್ತು.

ಮಾಸ್ತರರು ಫೋನನ್ನು ಮೇಜಿನ ಮೇಲೆ ಬೋರಲಿಟ್ಟರು.

“ತಾಯಿ, ಆಕಿ ಹಾಡಾಕ ಪ್ರತಿ ಸಲ ಎದ್ದು ನಿಲ್ತಿದ್ಳರಿ,” ಎಂದರು. “ನಾನೇ ಕುಂದರಸ್ತಿದ್ದೆ.”