ಇವತ್ತು ಯಾರ ಸರದಿ?

ಮೂರನೇ ಪಿರಿಯಡ್ಡಿನ ನಡುವೆ ಊಟದ ಡಬ್ಬಿಯೊಂದು ಠಣಾರನೆ ನೆಲಕ್ಕೆ ಬಿತ್ತು. ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುತ್ತಿದ್ದ ಗಣಿತದ ಟೀಚರ್ ತಿರುಗಿ ನೋಡುವಷ್ಟರಲ್ಲಿ, ಬೀಳಿಸಿದ ಹುಡುಗಿ ಆಗಲೇ ಬಾಗಿಲ ಹತ್ತಿರ ಹೋಗಿ ನಿಂತಿದ್ದಳು.

"ನಿನ್ನ ಯಾರೇ ಹೊರಗೆ ಹೋಗು ಅಂದಿದ್ದು?"

"ಹೇಗಿದ್ರೂ ಕಳಿಸ್ತೀರಲ್ಲ ಟೀಚರ್. ಡಬ್ಬಿ ತಾನಾಗೇ ಬಿತ್ತು."

"ಓಹೋ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಬಂದು ಕೂತ್ಕೋ. ಇವತ್ತಿಂದ ಯಾರೂ ಹೊರಗೆ ನಿಲ್ಲೋ ಹಾಗಿಲ್ಲ."

ಹಾಗೆನ್ನದೆ ಅವರಿಗೆ ಬೇರೆ ಗತಿಯಿರಲಿಲ್ಲ. "ಇನ್ನೊಂದು ಮಗು ನಿಮ್ಮ ಬಾಗಿಲಾಚೆ ಕಂಡ್ರೆ ಆರನೇ ತರಗತೀನ ಬೇರೆಯವರಿಗೆ ಕೊಡ್ತೀನಿ" ಎಂದು ಹೆಡ್ ಮೇಡಂ ಬೆಳಿಗ್ಗೆಯಷ್ಟೇ ಹೇಳಿದ್ದರು. ಬಾಯಲ್ಲಿ ಎಷ್ಟೇ ಬೆಂಕಿ ಉಗುಳಿದರೂ ಈ ತುಂಟರೆಂದರೆ ಟೀಚರಿಗೆ ಪ್ರಾಣ. ಆ ಮಾತನ್ನು ಮಾತ್ರ ಅವರು ತಪ್ಪಿಯೂ ಹೊರಗೆ ಆಡುವವರಲ್ಲ.

ಹುಡುಗಿ ಕೂರಲಿಲ್ಲ, ಅಳತೊಡಗಿದಳು. "ಇವತ್ತು ನನ್ನ ಸರದಿ ಟೀಚರ್! ಒಂದು ವಾರದಿಂದ ಕಾಯ್ತಾ ಇದೀನಿ."

ಸರದಿಯೇ? ಗದರಿಸಿ ಕೇಳಿದಾಗ ವಿಷಯ ಹೊರಬಿತ್ತು. ಪಕ್ಕದ ಏಳನೇ ತರಗತಿಯಲ್ಲಿ ಚರಿತ್ರೆಯ ಮೇಷ್ಟ್ರು ಇದೇ ಹೊತ್ತಿಗೆ ಪಾಠವನ್ನು ಕಥೆ ಮಾಡಿ ಹೇಳುತ್ತಾರೆ. ಹೊರಗೆ ನಿಂತವರಿಗೆ ಅದು ಚೆನ್ನಾಗಿ ಕೇಳುತ್ತದೆ. ದಿನಕ್ಕೊಬ್ಬರು ಗಲಾಟೆ ಮಾಡಿ ಹೊರಗೆ ಹೋಗುವುದು, ಕೇಳಿ ಬಂದು ಊಟದ ಹೊತ್ತಿನಲ್ಲಿ ಉಳಿದವರಿಗೆ ಒಪ್ಪಿಸುವುದು. ನಿನ್ನೆಯ ಕಥೆಯಲ್ಲಿ ರಾಣಿ ಸುರಂಗದೊಳಗೆ ಒಂದು ಕಾಲಿಟ್ಟಿದ್ದಳಂತೆ, ಅಷ್ಟಕ್ಕೆ ಗಂಟೆ ಹೊಡೆದಿತ್ತಂತೆ.

"ಹಾಗಾದ್ರೆ ನನ್ನ ಪಾಠ?" ಎಂದರು ಟೀಚರ್. ಇಡೀ ತರಗತಿ ತಲೆ ತಗ್ಗಿಸಿತು. ಟೀಚರಿಗೆ ಬೈಯುವುದಕ್ಕೂ ಮನಸ್ಸಾಗದೆ, ಮತ್ತೆ ಬೋರ್ಡಿಗೆ ತಿರುಗಿ ಸುಮ್ಮನೆ ಲೆಕ್ಕ ಬರೆಯುತ್ತಾ ಹೋದರು. ಈ ತರಗತಿ ಕೈತಪ್ಪಿದರೂ ಇವರಿಗೇನೂ ನಷ್ಟವಿಲ್ಲ ಎನಿಸಿತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಹೆಡ್ ಮೇಡಂ ಎರಡು ಜಡೆಯ ಹುಡುಗಿಯೊಬ್ಬಳ ಕೈ ಹಿಡಿದು ನಿಂತಿದ್ದರು. "ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನದವರೆಗೂ ನೆನಪಿರಲಿಲ್ವಾ?"

"ಇವಳು ನನ್ನ ತರಗತಿಯವಳಲ್ಲ ಮೇಡಂ, ಏಳನೇ ತರಗತಿ."

"ಮತ್ತೆ ನಿಮ್ಮ ಬಾಗಿಲಿಗೆ ಯಾಕೆ ಕಿವಿಯಿಟ್ಟು ನಿಂತಿದ್ಲು?"

ಎರಡು ಜಡೆಯವಳಿಗೆ ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. "ಈ ಟೀಚರ್ ಬೈಯೋದು ಕೇಳೋಕೆ ಮೇಡಂ! ನಮ್ಮಲ್ಲೂ ದಿನಾ ಒಬ್ಬರು ಮೇಷ್ಟ್ರ ಹತ್ರ ಶಿಕ್ಷೆ ತಗೊಂಡು ಹೊರಗೆ ಬರ್ತೀವಿ. ಮೊನ್ನೆ 'ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ' ಸಿಕ್ತು. ನಿನ್ನೆ 'ಕೋತಿ ತಾನೂ ಕೆಟ್ಟು ವನಾನೂ ಕೆಡಿಸ್ತು'. ನಾನು ಎಷ್ಟು ಕಷ್ಟಪಟ್ಟು ಗಲಾಟೆ ಮಾಡಿ ಬಂದೆ ಗೊತ್ತಾ? ನಾನು ಬಂದಾಗಿಂದ ಇವರು ಒಂದೂ ಬೈದಿಲ್ಲ!"

ಟೀಚರ್ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟರು. ಡಬ್ಬಿಯ ಹುಡುಗಿ ಕಣ್ಣೊರೆಸಿಕೊಂಡು, "ನಾವೂ ಅದನ್ನ ಮನೇಲಿ ಹೇಳ್ತೀವಿ ಟೀಚರ್. ನಮ್ಮಮ್ಮ ಬಿದ್ದು ಬಿದ್ದು ನಗ್ತಾರೆ" ಎಂದಳು. ಟೀಚರಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಮುಖ ಮುಚ್ಚಿಕೊಳ್ಳಲು ಸೆರಗು ಹುಡುಕಿದರು.

ಹೆಡ್ ಮೇಡಂ ಗಂಭೀರವಾಗಿರಲು ಶಕ್ತಿಮೀರಿ ಪ್ರಯತ್ನಿಸಿ ಸೋತರು. ಎರಡು ಜಡೆಯವಳನ್ನು ಕರೆದುಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕೂತರು.

"ತರಗತಿ ನಿಮ್ಮ ಕೈಯಲ್ಲೇ ಇರಲಿ. ಈಗ ಶುರು ಮಾಡಿ, ನಾನೂ ಕೇಳ್ತೀನಿ. ಮಕ್ಕಳೇ, ಯಾರಿಗೆ ಬೈಸ್ಕೋಬೇಕು?"

ಗಣಿತದ ತರಗತಿಯಲ್ಲಿ ಅಷ್ಟೊಂದು ಕೈಗಳು ಒಟ್ಟಿಗೆ ಮೇಲೆದ್ದದ್ದು ಅದೇ ಮೊದಲು.